ರೊಟ್ಟಿ ಯಾವ ಹೊಲದ್ದು, ಅನ್ನ ಯಾವ ಗದ್ದೆಯದು? ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿನ ಕಡೆಗೆ ಹೊರಟವರಿಗೆ ಒಂದು ಗಂಟೆಯ ದಾರಿಯಲ್ಲಿ ಎರಡು ನಾಡುಗಳು ಕಾಣಸಿಗುತ್ತವೆ. ಮೊದಲು ಕಾಲುವೆ, ಗದ್ದೆ, ರೈಸ್ ಮಿಲ್ಲುಗಳ ಸಾಲು. ಆಮೇಲೆ ಬದುವೇ ಕಾಣದಷ್ಟು ಅಗಲವಾದ ಕಪ್ಪುಮಣ್ಣಿನ ಎರೆಹೊಲ, ಜೋಳ, ಕಡಲೆ, ತೊಗರಿ. ನನ್ನ ಅವ್ವ ಎರೆಹೊಲದ ಊರಿನಲ್ಲಿ ಹುಟ್ಟಿ ಗದ್ದೆಯ ಊರಿಗೆ ಸೊಸೆಯಾಗಿ ಬಂದವಳು. ಆದ್ದರಿಂದ ನಮ್ಮ ಮನೆಯ ಒಲೆಯ ಮೇಲೆ ಈ ಎರಡೂ ನಾಡುಗಳು ದಿನವೂ ಎದುರಾಗುತ್ತಿದ್ದವು. ಊರಿಗೆ ಬರುವ ನೆಂಟರು, ಬೆಂಗಳೂರಿನಲ್ಲಿ ಓದುವ ನಮ್ಮದೇ ಮಕ್ಕಳು, ಶಾಲೆಯ ಪ್ರಾಜೆಕ್ಟಿಗೆಂದು ಬರುವ ವಿದ್ಯಾರ್ಥಿಗಳು ವರ್ಷಾನುವರ್ಷ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಕೊಟ್ಟಿದ್ದೇನೆ.

ನಾವು ದಿನವೂ ಉಣ್ಣುವ ಅನ್ನ ಎಲ್ಲಿಂದ ಬರುತ್ತದೆ?

ಈ ಮೂರು ಜಿಲ್ಲೆಗಳವರು ಅಂಗಡಿಯಿಂದ ತರುವ ಸಣ್ಣಕ್ಕಿಯ ಬಹುಪಾಲು ತುಂಗಭದ್ರಾ ಕಾಲುವೆಯ ನೀರಿನಲ್ಲಿ ಬೆಳೆದದ್ದು. ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಬಳಿ ಕಟ್ಟಿದ ಅಣೆಕಟ್ಟಿನ ಎಡದಂಡೆ ಕಾಲುವೆಯು ಸುಮಾರು 227 ಕಿ.ಮೀ. ಹರಿದು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ದಾಟಿ ರಾಯಚೂರು ತಾಲ್ಲೂಕನ್ನು ಮುಟ್ಟುತ್ತದೆ. ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳು ಬಳ್ಳಾರಿ ಜಿಲ್ಲೆಗೆ ನೀರುಣಿಸಿ ಆಂಧ್ರಪ್ರದೇಶಕ್ಕೆ ಹೋಗುತ್ತವೆ. ಸಿರುಗುಪ್ಪ, ಕಂಪ್ಲಿಯ ಗದ್ದೆಗಳು ಈ ದಂಡೆಯವು. 1945ರಲ್ಲಿ ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರಗಳು ಕೂಡಿ ಆರಂಭಿಸಿದ ಈ ಕೆಲಸದಿಂದ 1953ರಲ್ಲಿ ಕಾಲುವೆಗೆ ನೀರು ಬಂದಿತು.

ಜುಲೈ ತಿಂಗಳಲ್ಲಿ ಕಾಲುವೆಗೆ ನೀರು ಬಿಟ್ಟ ಸುದ್ದಿ ಬರುವ ಮೊದಲೇ ರೈತರು ಸಸಿಮಡಿ ಹಾಕಿಕೊಂಡಿರುತ್ತಾರೆ. ಆಗಸ್ಟಿನಲ್ಲಿ ನಾಟಿ, ಡಿಸೆಂಬರಿನ ಹೊತ್ತಿಗೆ ಕೊಯ್ಲು. ಅಣೆಕಟ್ಟಿನಲ್ಲಿ ನೀರು ಉಳಿದಿದ್ದರೆ ಜನವರಿಯಿಂದ ಬೇಸಿಗೆಯ ಎರಡನೇ ಬೆಳೆ. ‘ಸೋನಾ ಮಸೂರಿ’ ಎಂಬುದು ಅಂಗಡಿಯವರ ಬಾಯಲ್ಲಿ ಹಲವು ಸಣ್ಣ ತಳಿಗಳಿಗೆ ಸೇರಿ ಇರುವ ಹೆಸರು. ಗದ್ದೆಯಲ್ಲಿ ನಿಂತು ಕೇಳಿದರೆ ರೈತರು ‘ಬಿಪಿಟಿ’, ‘ಆರ್‌ಎನ್‌ಆರ್’, ‘ಗಂಗಾವತಿ ಸೋನಾ’ ಎಂದು ಬೇರೆ ಬೇರೆಯಾಗಿಯೇ ಹೇಳುತ್ತಾರೆ. ಬಿಪಿಟಿ 5204 ಆಂಧ್ರದ ಬಾಪಟ್ಲದ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಹೊರಬಂದದ್ದು. ಗಂಗಾವತಿ ಸೋನಾ ನಮ್ಮದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ತಳಿ.

ಭತ್ತದ ಧಾರಣೆಯನ್ನು ಇಲ್ಲಿ 75 ಕಿಲೋ ಚೀಲದ ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ಕ್ವಿಂಟಲ್ ಭತ್ತಕ್ಕೆ ಸರ್ಕಾರದ ಲೆಕ್ಕದಲ್ಲಿ 67 ಕಿಲೋ ಅಕ್ಕಿ. ಮಿಕ್ಕದ್ದು ಹೊಟ್ಟು ಮತ್ತು ತೌಡು. ತೌಡು ದನಗಳಿಗೂ ಎಣ್ಣೆಯ ಕಾರ್ಖಾನೆಗೂ ಹೋಗುತ್ತದೆ, ಹೊಟ್ಟು ಮಿಲ್ಲಿನ ಒಲೆಗೇ ಹಾಕಲು ಬರುತ್ತದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುವುದರಿಂದ ಅನುಕೂಲವಿದ್ದವರು ಆರು ತಿಂಗಳಿಗಿಂತ ಹಳೆಯದನ್ನು ಹುಡುಕುತ್ತಾರೆ. ಬೆಳೆದ ರೈತನ ಮನೆಯಲ್ಲಿ ಹೊಸ ಅಕ್ಕಿ ಬೇಯುತ್ತದೆ, ಕೊಂಡವನ ಮನೆಯಲ್ಲಿ ಹಳೆಯದು.

ಅಣೆಕಟ್ಟು ಬರುವ ಮೊದಲು ಈ ಸೀಮೆಯವರು ಅಕ್ಕಿಯನ್ನೇ ಕಂಡಿರಲಿಲ್ಲವೇ?

ಕಂಡಿದ್ದರು, ಆದರೆ ದಿನದ ಊಟವಾಗಿ ಅಲ್ಲ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಸಣ್ಣ ಒಡ್ಡುಗಳನ್ನು ಕಟ್ಟಿ ತೆಗೆದ ಕಾಲುವೆಗಳು ಹೊಸಪೇಟೆ, ಕಂಪ್ಲಿ, ಆನೆಗೊಂದಿಯ ಸುತ್ತಿನಲ್ಲಿ ಇಂದಿಗೂ ಹರಿಯುತ್ತಿವೆ. ಆ ನೀರಿನ ಪಟ್ಟಿಯಲ್ಲಿ ಭತ್ತ, ಬಾಳೆ, ಕಬ್ಬು ಐನೂರು ವರ್ಷಗಳಿಂದ ಇವೆ. ಕೆರೆಯ ಹಿಂದಿನ ತುಂಡು ಗದ್ದೆಗಳಲ್ಲಿಯೂ ಭತ್ತವಿತ್ತು. ಉಳಿದ ಸೀಮೆಗೆ ಅಕ್ಕಿ ಎಂದರೆ ಹಬ್ಬ, ಮದುವೆ, ಬಾಣಂತಿ, ಬೀಗರು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಊರು ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದೇ ಒಂದು ಕಾಯಕವಾಗಿ ಹೆಸರು ಪಡೆಯಿತೆಂದರೆ ಆ ಕಾಳಿನ ಬೆಲೆ ಎಷ್ಟಿತ್ತೆಂದು ಊಹಿಸಬಹುದು.

ಜೋಳದ ಸ್ಥಾನ ಬೇರೆ. ಒಡೆಯನ ಅನ್ನದ ಋಣ ತೀರಿಸಲು ಪ್ರಾಣ ಕೊಡುವ ಯೋಧನ ನಿಷ್ಠೆಗೆ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ‘ಉಪ್ಪಿನ ಋಣ’ ಎಂದು ನಾವು ಈಗ ಹೇಳುವ ಜಾಗದಲ್ಲಿ ಆಗ ಜೋಳವಿತ್ತು. ಸಂಬಳ, ಊಟ, ಋಣ ಎಲ್ಲವೂ ಒಂದೇ ಕಾಳಿನಲ್ಲಿ ಅಡಗಿದ್ದ ಕಾಲ ಅದು.

ಎರೆ, ಮಸಾರಿ ಎಂದು ಹೇಳುತ್ತಾರಲ್ಲ, ಅದಕ್ಕೂ ಊಟಕ್ಕೂ ಏನು ಸಂಬಂಧ?

ಮಳೆಯ ನೀರನ್ನು ನೆಲ ಎಷ್ಟು ದಿನ ಹಿಡಿದಿಟ್ಟುಕೊಳ್ಳುತ್ತದೆ ಎಂಬುದರ ಮೇಲೆ ಬೆಳೆ ನಿಂತಿದೆ, ಬೆಳೆಯ ಮೇಲೆ ಊಟ ನಿಂತಿದೆ. ಎರೆ ಎಂದರೆ ಕಪ್ಪು ಮಣ್ಣು. ಒಮ್ಮೆ ಹಸಿಯಾದರೆ ತಿಂಗಳುಗಟ್ಟಲೆ ತೇವವನ್ನು ಒಳಗೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಸೆಪ್ಟೆಂಬರ್, ಅಕ್ಟೋಬರಿನ ಹಿಂಗಾರಿ ಮಳೆಗೆ ಬಿತ್ತಿದ ಜೋಳ ಮುಂದೆ ಒಂದು ಹನಿ ಬೀಳದಿದ್ದರೂ ಮಂಜಿನಲ್ಲಿ, ನೆಲದ ಹಸಿಯಲ್ಲಿ ತೆನೆಗಟ್ಟಿ ಜನವರಿ, ಫೆಬ್ರುವರಿಗೆ ಕೈಗೆ ಬರುತ್ತದೆ. ಕಡಲೆ, ಕುಸುಬೆ, ಅಗಸೆಗಳೂ ಹೀಗೆಯೇ.

ಮಸಾರಿ ಎಂದರೆ ಕೆಂಪು, ಹಗುರ ಮಣ್ಣು. ನೀರು ಬೇಗ ಇಂಗಿಹೋಗುವುದರಿಂದ ಮುಂಗಾರಿನಲ್ಲೇ ಬೇಗ ಮುಗಿಯುವ ಸಜ್ಜೆ, ನವಣೆ, ಶೇಂಗಾ, ಹುರುಳಿ ಇದಕ್ಕೆ ಸರಿ. ಕುಷ್ಟಗಿ, ಯಲಬುರ್ಗಾದ ಮಸಾರಿ ಹೊಲಗಳ ಊರುಗಳಲ್ಲಿ ಸಜ್ಜೆ ರೊಟ್ಟಿ ದಿನದ ಊಟವಾಗಿದ್ದಕ್ಕೂ, ಎರೆಯ ಊರುಗಳಲ್ಲಿ ಅದು ಸಂಕ್ರಾಂತಿಗೆ ಎಳ್ಳು ಹಚ್ಚಿ ಮಾಡುವ ವಿಶೇಷವಾಗಿದ್ದಕ್ಕೂ ಇದೇ ಕಾರಣ. ಒಂದೇ ಮನೆತನದ ಹೆಣ್ಣುಮಕ್ಕಳನ್ನು ಎರೆಯ ಊರಿಗೊಬ್ಬಳು, ಮಸಾರಿಯ ಊರಿಗೊಬ್ಬಳು ಎಂದು ಕೊಟ್ಟರೆ ಹತ್ತು ವರ್ಷಗಳಲ್ಲಿ ಇಬ್ಬರ ಕೈ ರುಚಿ ಬೇರೆಯಾಗಿರುತ್ತದೆ.

ರೊಟ್ಟಿಯ ಹಿಟ್ಟಿಗೆ ಕುದಿಯುವ ನೀರನ್ನೇ ಏಕೆ ಹಾಕಬೇಕು? ಎಲ್ಲ ಜೋಳದಿಂದಲೂ ರೊಟ್ಟಿ ಆಗುವುದಿಲ್ಲವೇ?

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವಾಗಲೇ ಬಿರುಕುಬಿಟ್ಟು ಹೋಳಾಗುತ್ತದೆ. ಎಸರಿನ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ಆ ಜಿಗಿಯ ಬಲದಿಂದಲೇ ರೊಟ್ಟಿಯನ್ನು ತೆಳ್ಳಗೆ ತಟ್ಟಿ, ಎತ್ತಿ, ಹಂಚಿನ ಮೇಲೆ ಹಾಕಲು ಸಾಧ್ಯ. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಜಿಗಿ ಉಳಿಯುವುದಿಲ್ಲ. ಆದ್ದರಿಂದ ಹಳ್ಳಿಗಳಲ್ಲಿ ವಾರಕ್ಕೆ ಬೇಕಾದಷ್ಟನ್ನು ಮಾತ್ರ ಗಿರಣಿಗೆ ಕೊಡುತ್ತಾರೆ. ಪೊಟ್ಟಣದ ಹಿಟ್ಟನ್ನು ತಂದು ರೊಟ್ಟಿ ಹರಿಯಿತೆಂದು ತಮ್ಮ ಕೈಯನ್ನು ಬೈದುಕೊಳ್ಳುವ ನಗರದ ಸೊಸೆಯಂದಿರು ಈ ಮಾತನ್ನು ಅತ್ತೆಯರಿಗೆ ಧಾರಾಳವಾಗಿ ಹೇಳಬಹುದು.

ತಳಿಯೂ ಮುಖ್ಯ. ಮುಂಗಾರಿನ ಹೈಬ್ರಿಡ್ ಜೋಳ ಇಳುವರಿ ಹೆಚ್ಚು ಕೊಡುತ್ತದೆ, ಆದರೆ ಕಾಳು ಬಲಿಯುವ ಹೊತ್ತಿಗೆ ಮಳೆ ಹಿಡಿದರೆ ಬೂಷ್ಟು ಬಂದು ಕಪ್ಪಾಗುತ್ತದೆ. ಹಿಂಗಾರಿನ ಬಿಳಿಜೋಳ ಒಣಹವೆಯಲ್ಲಿ ಬಲಿಯುವುದರಿಂದ ಮುತ್ತಿನಂತೆ ಉಳಿಯುತ್ತದೆ. ಇದರಲ್ಲಿ ಹೆಸರುವಾಸಿಯಾದ ಮಾಲ್ದಂಡಿ ತಳಿ, ಅಂದರೆ ಎಂ 35–1, ಸೊಲ್ಲಾಪುರದ ಕಡೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ಕೆಯಾದದ್ದು. ಎಷ್ಟೋ ಹೊಸ ತಳಿಗಳು ಬಂದುಹೋದ ಮೇಲೂ ರೊಟ್ಟಿಯ ಮಾತು ಬಂದಾಗ ಹಿರಿಯರು ಮಾಲ್ದಂಡಿಯನ್ನೇ ನೆನೆಯುತ್ತಾರೆ. ಅದರ ಕಣಿಕೆಯೂ, ಅಂದರೆ ಒಣದಂಟೂ, ದನಗಳಿಗೆ ಸಿಹಿ.

ಖಡಕ್ ರೊಟ್ಟಿ ಬಡತನದ ಊಟವೇ?

ಅಲ್ಲ, ದೂರದ ಕೆಲಸದ ಊಟ. ನೀರಿನಂಶ ಹೋಗುವವರೆಗೆ ಸುಟ್ಟು ಒಣಗಿಸಿದ ರೊಟ್ಟಿ ತಿಂಗಳುಗಳ ಕಾಲ ಕೆಡುವುದಿಲ್ಲ. ಸುಗ್ಗಿಯಲ್ಲಿ ಒಲೆ ಹಚ್ಚಲು ಪುರುಸೊತ್ತಿಲ್ಲದ ಮನೆಗೆ, ಕುರಿ ಹಿಂಡಿನ ಜೊತೆ ಊರೂರು ತಿರುಗುವವರಿಗೆ, ದುಡಿಯಲು ಬೆಂಗಳೂರಿಗೆ ಹೋಗುವವರಿಗೆ ಅದು ಕಟ್ಟಿಕೊಂಡು ಹೋಗಬಹುದಾದ ಹೊಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಜನವರಿಯ ಹೊತ್ತಿಗೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಲಕ್ಷಾಂತರ ಜೋಳದ ರೊಟ್ಟಿಗಳು ಬರುತ್ತವೆ. ಓಣಿಯ ಹೆಂಗಸರು ಒಂದೆಡೆ ಸೇರಿ ವಾರಗಳ ಮೊದಲೇ ಬಡಿದು ಒಟ್ಟಿದ ಆ ರೊಟ್ಟಿ ಕೆಡದೆ ಉಳಿಯುವುದರಿಂದಲೇ ಅಷ್ಟು ದೊಡ್ಡ ದಾಸೋಹವನ್ನು ಊರೂರು ಹಂಚಿಕೊಂಡು ನಡೆಸಲು ಬರುತ್ತದೆ. ಅನ್ನವನ್ನು ಹಾಗೆ ಕೂಡಿಡಲಾಗದು.

ಒಂದು ಕಾಲದಲ್ಲಿ ಬಡವರ ಊಟವಾಗಿದ್ದ ರೊಟ್ಟಿ ಈಗ ಅನ್ನಕ್ಕಿಂತ ದುಬಾರಿ ಏಕಾಯಿತು?

ಇದು ನನಗೆ ಅತಿ ಹೆಚ್ಚು ಬಾರಿ ಎದುರಾಗಿರುವ ಪ್ರಶ್ನೆ. ಜನರ ನಾಲಿಗೆ ಬದಲಾಯಿತು ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಬದಲಾಯಿತು, ನಾಲಿಗೆ ಅದರ ಹಿಂದೆ ಹೋಯಿತು.

ಮೊದಲು ಹೊಲದ ಲೆಕ್ಕ. 2024–25ರ ಹಂಗಾಮಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,300 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,371, ಮಾಲ್ದಂಡಿಗೆ 3,421. ಕಾಗದದ ಮೇಲೆ ಜೋಳವೇ ಮೇಲು. ಆದರೆ ನೀರು ಸಿಗುವ ಎಕರೆಯಲ್ಲಿ 32 ಚೀಲ ಭತ್ತ ಬಂದರೆ 24 ಕ್ವಿಂಟಲ್, ಅಂದರೆ 55,200 ರೂಪಾಯಿ. ಮಳೆಯಾಶ್ರಿತ ಎರೆಯಲ್ಲಿ ಐದು ಕ್ವಿಂಟಲ್ ಮಾಲ್ದಂಡಿ ಬಂದರೆ 17,105 ರೂಪಾಯಿ, ಜೊತೆಗೆ ಕಣಿಕೆ. ಭತ್ತಕ್ಕೆ ಗೊಬ್ಬರ, ಔಷಧಿ, ಕೂಲಿಯ ಖರ್ಚು ಬಹಳ ಹೆಚ್ಚು ಎಂಬುದು ನಿಜ. ಆದರೂ ನೀರು ಕಂಡ ರೈತ ಜೋಳದ ಕಡೆಗೆ ತಿರುಗುವುದಿಲ್ಲ. ಕಣಿಕೆಯ ಆಸೆಗಾಗಿ ಜೋಳ ಹಾಕುತ್ತಿದ್ದವರಲ್ಲಿಯೂ ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಆ ಕಾರಣ ಸಡಿಲವಾಯಿತು. ಮಳೆಯನ್ನೇ ನಂಬಿದ ಖುಷ್ಕಿ ಎರೆಯಲ್ಲಿಯೂ ಹತ್ತಿ, ತೊಗರಿ, ಕಡಲೆಗಳು ಜೋಳದ ಜಾಗವನ್ನು ತಿಂದಿವೆ.

ಇನ್ನು ಮನೆಯ ಲೆಕ್ಕ. ಪಡಿತರದ ಅಕ್ಕಿ ಬಹಳ ಹಿಂದಿನಿಂದ ಅಗ್ಗ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಗೆ ಅದು ಇನ್ನಷ್ಟು ಸುಲಭವಾಯಿತು. ರೊಟ್ಟಿಗೆ ಜೋಳ ಕೊಳ್ಳಬೇಕು, ಆರಿಸಬೇಕು, ಬೀಸಿಸಬೇಕು, ಒಲೆಯ ಮುಂದೆ ಒಂದು ತಾಸು ಕೂರಬೇಕು. ಬೆಳಿಗ್ಗೆ ಆರಕ್ಕೆ ಕೂಲಿಯ ಗಾಡಿ ಹತ್ತುವ ಹೆಂಗಸಿಗೆ ಕುಕ್ಕರ್ ಎರಡು ಸೀಟಿಯಲ್ಲಿ ಬಿಡುಗಡೆ ಕೊಡುತ್ತದೆ. ರೊಟ್ಟಿ ಬಿಟ್ಟುಹೋಯಿತೆಂದು ಮರುಗುವ ಗಂಡಸರನ್ನು ಕಂಡಾಗಲೆಲ್ಲ, ಬಡಿಯಲು ಕುಳಿತವರು ಯಾರು ಎಂದು ಕೇಳಬೇಕೆನಿಸುತ್ತದೆ. ಅನ್ನಭಾಗ್ಯವನ್ನು ಹೀಗಳೆಯುವವರೂ ಈ ಸೀಮೆಯ ಹಸಿವಿನ ಚರಿತ್ರೆಯನ್ನು ಒಮ್ಮೆ ಓದುವುದು ಒಳ್ಳೆಯದು. 1791–92ರ ಡೋಗಿ ಬರದಲ್ಲಿ, 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿ ಸೀಮೆಯಲ್ಲಿ ಜನ ಗುಂಪುಗುಂಪಾಗಿ ಸತ್ತರು. ತುಂಬಿದ ಪಡಿತರ ಚೀಲಕ್ಕೆ ಅಂಥ ಹಿನ್ನೆಲೆಯಿದೆ.

ಹೀಗೆ ಬೆಳೆಯುವ ನೆಲ ಕಡಿಮೆಯಾಗಿ, ಬಡಿಯುವ ಕೈ ಕಡಿಮೆಯಾಗಿ, ಕೇಳುವ ಉಳ್ಳವರು ಹೆಚ್ಚಾದಾಗ ಬೆಲೆ ಏರಿತು. ಖಾನಾವಳಿಗೂ ಮದುವೆ ಮನೆಗೂ ರೊಟ್ಟಿ ಮಾಡಿ ಮಾರುವುದು ಪೇಟೆಯ ಎಷ್ಟೋ ಹೆಂಗಸರಿಗೆ ಜೀವನೋಪಾಯವಾಗಿದೆ. ಅವರಲ್ಲಿ ಕೆಲವರು ಮಾರಿ ಉಳಿದ ರೊಟ್ಟಿಯನ್ನಷ್ಟೇ ಮನೆಯಲ್ಲಿ ತಿಂದು ಅನ್ನ ಸಾರಿನಲ್ಲಿ ಊಟ ಮುಗಿಸುವುದನ್ನು ನಾನು ನೋಡಿದ್ದೇನೆ.

ತುಂಗಭದ್ರಾ ಕಾಲುವೆಯನ್ನು ಕಟ್ಟಿದ್ದೇ ಭತ್ತಕ್ಕಾಗಿ ಅಲ್ಲವೇ?

ಅಲ್ಲ, ಮತ್ತು ಇದು ತಿಳಿದಿರಬೇಕಾದ ಸಂಗತಿ. ತುಂಗಭದ್ರೆಯ ನೀರನ್ನು ದೊಡ್ಡದಾಗಿ ತಿರುಗಿಸುವ ಆಲೋಚನೆಯನ್ನು 1860ರಲ್ಲಿ ಆರ್ಥರ್ ಕಾಟನ್ ಮುಂದಿಟ್ಟಾಗಲೂ, ಮುಂದೆ ಯೋಜನೆ ರೂಪುಗೊಂಡಾಗಲೂ ಕಣ್ಣೆದುರಿಗೆ ಇದ್ದದ್ದು ಬರ. ಸ್ವಲ್ಪ ನೀರನ್ನು ಬಹಳ ನೆಲಕ್ಕೆ ಹಂಚಿ, ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಒಣಗದಂತೆ ಕಾಯುವುದು ಉದ್ದೇಶ. ಎಡದಂಡೆಯ ಅಚ್ಚುಕಟ್ಟಿನಲ್ಲಿ ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಸರ್ಕಾರ ಗೊತ್ತುಪಡಿಸಿದಾಗ ಬಹುಪಾಲು ನೆಲ ಕಡಿಮೆ ನೀರಿನ ಅರೆಖುಷ್ಕಿ ಬೆಳೆಗೆಂದೇ ಗುರುತಾಯಿತು. ಭತ್ತಕ್ಕೆ ಸಿಕ್ಕದ್ದು ಸಣ್ಣ ಪಾಲು.

ನಡೆದದ್ದು ಬೇರೆ. ಕಾಲುವೆಯ ಮೇಲ್ಭಾಗದ ರೈತರಿಗೆ ನೀರು ಧಾರಾಳವಾಗಿ ಸಿಕ್ಕಿತು, ಭತ್ತದ ಕೃಷಿಯಲ್ಲಿ ನುರಿತ ಕೈಗಳು ಕರಾವಳಿ ಆಂಧ್ರದಿಂದ ಬಂದವು, ಮಿಲ್ಲುಗಳು ಎದ್ದವು, ಸಾಲ ಕೊಡುವವರು ಭತ್ತವನ್ನೇ ನಂಬಿದರು. ಮೇಲೆ ಎರಡು ಬೆಳೆ ಭತ್ತ ನಿಂತಾಗ ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದ ರೈತರು ಪತ್ರಿಕೆಯಲ್ಲಿ ಕಾಲುವೆಯ ‘ಮೈಲ್ 69’, ‘ಮೈಲ್ 104’ರ ಗೇಜ್, ಅಂದರೆ ಅಲ್ಲಿನ ನೀರಿನ ಮಟ್ಟ, ಎಷ್ಟು ಅಡಿ ಇದೆ ಎಂದು ಹುಡುಕುತ್ತ ಕೂರುವಂತಾಯಿತು. ಗೇಜ್ ಕಾಯ್ದುಕೊಳ್ಳಿರೆಂದು ರಸ್ತೆ ತಡೆ ನಡೆಯದ ವರ್ಷ ಅಪರೂಪ. ಹೆಸರಿಗೆ ಎರಡೂ ಅಚ್ಚುಕಟ್ಟಿನ ಹೊಲಗಳೇ. ಒಂದರ ಒಡೆಯ ಅಕ್ಕಿ ಮಾರುತ್ತಾನೆ, ಇನ್ನೊಬ್ಬ ಹತ್ತಿ, ಮೆಣಸಿನಕಾಯಿ ಮಾರಿ ಅಕ್ಕಿ ಕೊಳ್ಳುತ್ತಾನೆ.

ನೀರು ಹೆಚ್ಚು ನಿಂತ ಕಡೆ ನೆಲವೂ ಕೆಟ್ಟಿದೆ. ಎರೆಮಣ್ಣಿನಲ್ಲಿ ವರ್ಷವಿಡೀ ನೀರು ನಿಂತರೆ ಜವಳು ಹಿಡಿಯುತ್ತದೆ, ಒಳಗಿನ ಉಪ್ಪು ಮೇಲಕ್ಕೆದ್ದು ಸವಳಾಗುತ್ತದೆ. ಸವಳು ನೆಲದ ಸುಧಾರಣೆಯ ಬಗ್ಗೆ ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ನಡೆದಿದೆ. ವಿಚಿತ್ರವೆಂದರೆ, ಸವಳು ಬಂದ ಗದ್ದೆಯಲ್ಲಿ ಜೋಳ, ಕಡಲೆಗಳಿಗಿಂತ ಭತ್ತವೇ ಅಷ್ಟಿಷ್ಟು ತಡೆದುಕೊಳ್ಳುತ್ತದೆ. ಹೀಗಾಗಿ ಒಮ್ಮೆ ಗದ್ದೆಯಾದ ಹೊಲ ಮತ್ತೆ ಹೊಲವಾಗುವುದು ಸುಲಭವಲ್ಲ.

‘ಕ್ಯಾಂಪ್’ ಎಂಬ ಹೆಸರಿನ ಊರುಗಳಲ್ಲಿ ಊಟ ಬೇರೆಯಿರುತ್ತದೆಯೇ?

ಇರುತ್ತದೆ. ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದ ರೈತರು ಇಲ್ಲಿ ನೆಲ ಕೊಂಡು ಹೊಲದಲ್ಲೇ ಮನೆ ಕಟ್ಟಿಕೊಂಡು ನೆಲೆಸಿದ ಊರುಗಳಿಗೆ ಕ್ಯಾಂಪ್ ಎನ್ನುತ್ತಾರೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸುತ್ತ ಇವು ಬಹಳ. ಮೂರು ಹೊತ್ತೂ ಅನ್ನ, ಮಾವಿನ ಉಪ್ಪಿನಕಾಯಿ, ಪಪ್ಪು, ಪುಲುಸು ಅವರ ಜೊತೆಗೆ ಬಂದವು. ನಮ್ಮ ಪುಂಡಿ ಸೊಪ್ಪು ಅವರಿಗೆ ಗೋಂಗೂರ. ನಾವು ಅದಕ್ಕೆ ಜೋಳದ ನುಚ್ಚು, ಬೇಳೆ ಹಾಕಿ ಪಲ್ಯವಾಗಿ ಕುದಿಸಿ ರೊಟ್ಟಿಗೆ ಹಚ್ಚಿಕೊಂಡರೆ ಅವರು ಅದನ್ನು ಎಣ್ಣೆಯಲ್ಲಿ ಹುರಿದು ಪಚ್ಚಡಿ ಮಾಡಿ ಬಿಸಿ ಅನ್ನಕ್ಕೆ ಕಲಸುತ್ತಾರೆ. ಒಂದೇ ಸೊಪ್ಪು, ಪಕ್ಕದಲ್ಲಿರುವ ಧಾನ್ಯ ಬದಲಾದ ಕೂಡಲೇ ಎರಡು ಅಡುಗೆ. ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳೂ ಇವೆ. ಕೆರೆಮೀನು ಮತ್ತು ಅನ್ನದ ಅವರ ಊಟ ನಮ್ಮ ಸಂತೆಗಳ ಮೀನು ಮಾರುಕಟ್ಟೆಯನ್ನೂ ಬೆಳೆಸಿದೆ.

ಇದಕ್ಕೂ ಹಿಂದಿನ ಒಂದು ಪದರ ನಿಜಾಮರ ಕಾಲದ್ದು. 1956ರವರೆಗೆ ರಾಯಚೂರು, ಕೊಪ್ಪಳ ಹೈದರಾಬಾದಿನ ಆಡಳಿತದಲ್ಲಿದ್ದವು. ರಾಯಚೂರಿನ ಮದುವೆಗಳಲ್ಲಿ ಬಗಾರಾ ಅನ್ನ, ದಾಲ್ಚಾ ಇಂದಿಗೂ ಆ ಸಂಬಂಧವನ್ನು ಹೇಳುತ್ತವೆ.

ಒಗ್ಗರಣಿ–ಮಿರ್ಚಿ ಎಂಬ ನಾಷ್ಟಾ ಈ ಸೀಮೆಯಲ್ಲೇ ಏಕೆ ಇಷ್ಟು ಬೇರುಬಿಟ್ಟಿದೆ?

ಬೆಳಗಿನ ಹೊತ್ತು ಬಳ್ಳಾರಿಯಿಂದ ರಾಯಚೂರಿನವರೆಗೆ ಯಾವ ಬಸ್ ನಿಲ್ದಾಣದಲ್ಲಿ ಇಳಿದರೂ ಮಂಡಕ್ಕಿ ಒಗ್ಗರಣೆ ಮತ್ತು ಮೆಣಸಿನಕಾಯಿ ಬಜ್ಜಿ ಸಿಗುತ್ತವೆ. ಈ ತಟ್ಟೆಯನ್ನು ಬಿಡಿಸಿ ನೋಡಿದರೆ ಎರಡೂ ನಾಡುಗಳು ಅದರಲ್ಲಿವೆ. ಮಂಡಕ್ಕಿ ಗದ್ದೆಯದು: ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಿನಲ್ಲಿ ಹುರಿದಾಗ ಅರಳುವಂಥದ್ದು. ಮೇಲೆ ಉದುರಿಸುವ ಪುಟಾಣಿ ಹಿಟ್ಟು, ಬಜ್ಜಿಯ ಕಡಲೆಹಿಟ್ಟು, ಒಗ್ಗರಣೆಯ ಶೇಂಗಾ ಖುಷ್ಕಿ ಹೊಲದವು. ಬೇಗ ತಯಾರಾಗುತ್ತದೆ, ಅಗ್ಗ, ಹೊಟ್ಟೆ ಹಿಡಿಯುತ್ತದೆ. ಕೂಲಿಗೆ, ಸಂತೆಗೆ, ಕಚೇರಿಗೆ ಹೊರಟವರಿಗೆ ಇದಕ್ಕಿಂತ ಬೇರೇನು ಬೇಕು?

ಇಷ್ಟು ಮೆಣಸಿನಕಾಯಿ ತಿನ್ನುವ ಜನರ ಒಣಮೆಣಸಿನಕಾಯಿ ಮಾತ್ರ ವ್ಯಾಪಾರಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿಗೋ ಆಂಧ್ರದ ಗುಂಟೂರಿಗೋ ಲಾರಿ ಹತ್ತುತ್ತದೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಎರೆಯಲ್ಲಿ ಬೆಳೆದದ್ದು ಅಲ್ಲಿ ಹರಾಜಾಗಿ, ಪುಡಿಯಾಗಿ, ಪೊಟ್ಟಣದಲ್ಲಿ ನಮ್ಮದೇ ಕಿರಾಣಿ ಅಂಗಡಿಗೆ ಮರಳುವುದೂ ಉಂಟು.

ಬೇಳೆ, ಎಣ್ಣೆ ನಮ್ಮ ನೆಲದವೇ?

ಬೇಳೆ ಬಹುಮಟ್ಟಿಗೆ ಹೌದು. ತೊಗರಿ, ಕಡಲೆ, ಹೆಸರು ಈ ಸೀಮೆಯಲ್ಲೂ ನೆರೆಯ ಕಲಬುರಗಿಯಲ್ಲೂ ಸಾಕಷ್ಟು ಬೆಳೆಯುತ್ತವೆ. ಎಣ್ಣೆಯ ಕಥೆ ಬೇರೆ. ಕುಸುಬೆ ಮತ್ತು ಶೇಂಗಾವನ್ನು ಊರ ಗಾಣದಲ್ಲಿ ತಿರುವಿಸಿ ಎಣ್ಣೆ ತರುವುದು ನನ್ನ ಅಜ್ಜಿಯ ಕಾಲಕ್ಕೇ ಕಡಿಮೆಯಾಗಿತ್ತು. ಕುಸುಬೆಯನ್ನು ಜೋಳದ ಹೊಲದ ಅಂಚಿಗೆ ಅಕ್ಕಡಿ ಸಾಲಾಗಿ ಹಾಕುತ್ತಿದ್ದರು. ಅದರ ಮುಳ್ಳಿಗೆ ಹೆದರಿ ದನ ಹೊಲಕ್ಕೆ ನುಗ್ಗುತ್ತಿರಲಿಲ್ಲ, ಮನೆಗೆ ಎಣ್ಣೆಯೂ ಆಗುತ್ತಿತ್ತು. ಕೈಯಿಂದ ಕೊಯ್ಯಲು ಕೂಲಿಯವರು ಒಲ್ಲೆನ್ನತೊಡಗಿದ ಮೇಲೆ ಅದೇ ಮುಳ್ಳು ಅದಕ್ಕೆ ಮುಳುವಾಯಿತು. ಈಗ ದೇಶ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ರೊಟ್ಟಿ ನಮ್ಮ ಹೊಲದ್ದೇ ಆದರೂ ಬದನೆಕಾಯಿ ಎಣ್ಣೆಗಾಯಿಯ ಎಣ್ಣೆ ಮಲೇಷ್ಯಾ, ಇಂಡೋನೇಷ್ಯಾದ ತಾಳೆಯದಾಗಿರಬಹುದು.

ಹಬ್ಬದ ಅಡುಗೆಗೂ ಬೆಳೆಯ ಕಾಲಕ್ಕೂ ನಂಟಿದೆಯೇ?

ನಂಟೇನು, ಹಬ್ಬಗಳ ಪಟ್ಟಿಯೇ ಬೆಳೆಯ ಪಟ್ಟಿ. ಕಾರಹುಣ್ಣಿಮೆ ಬಿತ್ತನೆಗೆ ಎತ್ತುಗಳನ್ನು ಸಜ್ಜುಗೊಳಿಸುವ ಹೊತ್ತು. ನಾಗರಪಂಚಮಿಗೆ ಜೋಳದ ಅರಳು, ಶೇಂಗಾ ಉಂಡೆ, ತಂಬಿಟ್ಟು: ಹೊಲದಲ್ಲಿ ಹೊಸದೇನೂ ಇಲ್ಲದ ಶ್ರಾವಣದಲ್ಲಿ ಮನೆಯಲ್ಲಿ ಕೂಡಿಟ್ಟ ಕಾಳಿನಿಂದಲೇ ಆಗುವ ಅಡುಗೆ.

ಇವೆಲ್ಲದರಲ್ಲಿ ಹೊಲಕ್ಕೆ ಅತಿ ಹತ್ತಿರದ್ದು ಎಳ್ಳಮವಾಸ್ಯೆ. ಡಿಸೆಂಬರ್, ಜನವರಿಯ ನಡುವೆ ಹಿಂಗಾರಿ ಜೋಳ ಎದೆಯುದ್ದ ನಿಂತು ಹೊಡೆ ಬಿಚ್ಚುವಾಗ ಇಡೀ ಮನೆ ಗಾಡಿ ಕಟ್ಟಿಕೊಂಡು, ಈಗ ಬೈಕು, ಟ್ರ್ಯಾಕ್ಟರುಗಳಲ್ಲಿ, ಬುತ್ತಿಯೊಂದಿಗೆ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಕಾಳು ಪಲ್ಯ, ಪುಂಡಿ ಪಲ್ಯ, ಬದನೆಕಾಯಿ ಭರ್ತ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮೊಸರನ್ನ. ಮೊದಲು ಬನ್ನಿಗಿಡದ ಬುಡದಲ್ಲೋ ಐದು ಕಲ್ಲು ಇಟ್ಟ ಕಡೆಯಲ್ಲೋ ಭೂತಾಯಿಗೆ ಪೂಜೆ. ಆಮೇಲೆ ಅಡುಗೆಯ ಎಲ್ಲ ಬಗೆಯನ್ನೂ ಕಲಸಿ ಹೊಲದ ಸುತ್ತ ಚರಗ ಚೆಲ್ಲುವುದು. ಮುಂದೆ ನಡೆಯುವವರು ‘ಹುಲಿಗ್ಯೋ’ ಎಂದರೆ ಹಿಂದಿನವರು ‘ಚಳ್ಳಂಬ್ರಿಗ್ಯೋ’ ಎನ್ನುತ್ತಾರೆ; ಊರು ಬದಲಾದಂತೆ ಈ ಕೂಗೂ ಬದಲಾಗುತ್ತದೆ. ಫಲ ಹೊತ್ತ ಭೂಮಿಗೆ ಬಸುರಿಯ ಬಯಕೆ ತೀರಿಸುವ ಊಟವಿದು ಎಂದು ಹಿರಿಯರು ವಿವರಿಸುತ್ತಾರೆ. ಚೆಲ್ಲಿದ ಕಾಳು, ಕಡುಬನ್ನು ಹುಡುಕಿ ಬರುವ ಹಕ್ಕಿಗಳು ಬೆಳೆಯ ಹುಳುಗಳನ್ನೂ ಹೆಕ್ಕುತ್ತವೆ ಎಂಬ ವಿವರಣೆ ಕೃಷಿ ಬಲ್ಲವರದು. ಎರಡರಲ್ಲಿ ಯಾವುದನ್ನೂ ಬಿಡಬೇಕಾಗಿಲ್ಲ.

ಗದ್ದೆಯ ಊರಿನಲ್ಲಿ ಈ ಹಬ್ಬದ ದಿನ ಹೊಲದಲ್ಲಿ ಭತ್ತದ ಕೂಳೆ ಇರುತ್ತದೆ ಅಥವಾ ಎರಡನೇ ಬೆಳೆಗೆ ಕೆಸರು ತುಳಿಯುತ್ತಿರುತ್ತಾರೆ. ಹೀಗಾಗಿ ನಮ್ಮ ಓಣಿಯವರು ಬುತ್ತಿ ಕಟ್ಟಿಕೊಂಡು ಖುಷ್ಕಿ ಹೊಲವಿರುವ ನೆಂಟರ ಊರಿಗೆ ಹೋಗುತ್ತಾರೆ. ಅವ್ವ ಪ್ರತಿ ವರ್ಷ ತವರಿಗೇ ಹೊರಡುತ್ತಿದ್ದಳು.

ಜೋಳ ಅನ್ನಕ್ಕಿಂತ ಆರೋಗ್ಯಕ್ಕೆ ಒಳ್ಳೆಯದೇ?

ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 8 ಗ್ರಾಂ, ನಾರು 3 ಗ್ರಾಂ ಒಳಗೆ. ನಾರು ಹೆಚ್ಚಿರುವುದರಿಂದ ಹೊಟ್ಟೆ ಬೇಗ ತುಂಬುತ್ತದೆ. ಆದರೆ ರೊಟ್ಟಿಯ ಹಿರಿಮೆ ಅರ್ಧಕ್ಕರ್ಧ ಅದರ ಜೊತೆಗಾರರದ್ದು. ರೊಟ್ಟಿಯನ್ನು ಬರಿದೇ ತಿನ್ನಲಾಗದು. ಕಾಳು, ಸೊಪ್ಪು, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಬೇಕೇ ಬೇಕು. ಅನ್ನವಾದರೆ ತಿಳಿಸಾರಿನಲ್ಲೂ ಇಳಿದುಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರು ರೊಟ್ಟಿ ಎಂದು ಎಣಿಕೆ ಬಿಟ್ಟು ತಿನ್ನಬಾರದು, ವೈದ್ಯರ ಮಾತು ಕೇಳಬೇಕು.

ಸಿರಿಧಾನ್ಯಗಳು ಮತ್ತೆ ಹೊಲಕ್ಕೆ ಬಂದಿವೆಯೇ?

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಅಂಗಡಿಗಳಿಗೆ ಖಂಡಿತ ಬಂದಿವೆ. ಹೊಲಕ್ಕೆ ಅಷ್ಟಾಗಿ ಬಂದಿಲ್ಲ. ನವಣೆಯ ಅಕ್ಕಿ ಮಾಡುವ ಯಂತ್ರ ಹತ್ತಿರದಲ್ಲಿದ್ದರೆ ಮಾತ್ರ ಬೆಳೆದವರು ತಾವೂ ಉಣ್ಣುತ್ತಾರೆ, ಇಲ್ಲದಿದ್ದರೆ ಮಾರಿಬಿಡುತ್ತಾರೆ.

ಮಳೆ ಕೈಕೊಟ್ಟ ವರ್ಷ ನಮ್ಮ ಊಟ ಹೇಗೆ ಬದಲಾಗುತ್ತದೆ?

ಹಿಂದೆ ಇದಕ್ಕೆ ಹಗೇವು ಇತ್ತು. ನೆಲದೊಳಗೆ ಅಗೆದು, ಹುಲ್ಲು ಹೊದಿಸಿ, ಜೋಳ ತುಂಬಿ ಬಾಯಿ ಮುಚ್ಚಿದರೆ ಬರದ ವರ್ಷಕ್ಕೆ ಕಾಳು ಉಳಿಯುತ್ತಿತ್ತು. ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗಲು ಕಾಯಬೇಕಿತ್ತು. ಈಗ ನಮ್ಮೆಲ್ಲರ ಹಗೇವು ತುಂಗಭದ್ರಾ ಜಲಾಶಯ. ಮೊದಲು ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಅದರ ಹೊಟ್ಟೆಯಲ್ಲಿ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಬೇಡಿಕೆ ಇದಕ್ಕಾಗಿಯೇ ಹುಟ್ಟಿದ್ದು.

2023ರ ಬರದಲ್ಲಿ ಜಲಾಶಯ ತುಂಬಲಿಲ್ಲ. 2024ರಲ್ಲಿ ತುಂಬಿತು, ಆದರೆ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ನಾಟಿ ಮಾಡಿದ ರೈತರು ಆ ವಾರ ನಿದ್ದೆ ಮಾಡಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ಇಳಿಸಿ ಒಂದು ವಾರದಲ್ಲಿ ಸೋರಿಕೆಯನ್ನು ತಡೆದಾಗ ಕಾಲುವೆಯ ಊರುಗಳಲ್ಲಿ ಹಬ್ಬದ ಕಳೆ ಬಂತು. ಎರಡನೇ ಬೆಳೆಗೆ ನೀರು ಸಿಗದ ವರ್ಷ ಗದ್ದೆಯ ರೈತರೂ ಉಳಿದ ತೇವಕ್ಕೆ ಜೋಳ, ಕಡಲೆ ಬಿತ್ತುವುದುಂಟು. ಅಂಥ ವರ್ಷ ಸಿಂಧನೂರಿನ ಪೇಟೆಯಲ್ಲಿ ಭತ್ತದ ಬದಲು ಬಿಳಿಜೋಳದ ರಾಶಿ ಕಾಣುವುದು ನಮಗೇ ಸೋಜಿಗ.

ಹೊಲದ ಊಟವನ್ನು ನೋಡಿ, ಉಂಡು ತಿಳಿಯಬೇಕೆಂದರೆ ಯಾವಾಗ ಬರಬೇಕು?

ನಾಟಿ ನೋಡುವವರು ಆಗಸ್ಟಿನಲ್ಲಿ ಗಂಗಾವತಿ, ಕಾರಟಗಿಗೆ ಬರಲಿ. ಹೆಂಗಸರ ಗುಂಪುಗಳು ಗುತ್ತಿಗೆ ಹಿಡಿದು ಸೊಂಟ ಬಗ್ಗಿಸಿ ನಾಟಿ ಹಚ್ಚುವುದನ್ನು ನೋಡಿದ ಮೇಲೆ ತಟ್ಟೆಯಲ್ಲಿ ಅನ್ನ ಬಿಡಲು ಕೈ ಬರುವುದಿಲ್ಲ. ಅಂಜೂರ ಬೇಕೆಂದರೆ ಬಳ್ಳಾರಿ, ದಾಳಿಂಬೆಗೆ ಕುಷ್ಟಗಿ. ಒಂದೇ ಸಲ ಬರಲು ಸಾಧ್ಯವೆನ್ನುವವರಿಗೆ ನಾನು ಹೇಳುವುದು ಎಳ್ಳಮವಾಸ್ಯೆಯಿಂದ ಜನವರಿಯ ಕೊನೆಯವರೆಗಿನ ದಿನಗಳು. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಜೋಳದ ಸೀತನಿ, ಗಿಡಸಮೇತ ಸುಟ್ಟ ಕಡಲೆಯ ಸುಲಗಾಯಿ ಆಗ ಮಾತ್ರ ಸಿಗುತ್ತವೆ. ಇವುಗಳನ್ನು ಯಾವ ಖಾನಾವಳಿಯಲ್ಲೂ ಮಾರುವುದಿಲ್ಲ. ಹೊಲದವರ ಪರಿಚಯ ಬೇಕು. ಬರುವಾಗ ಹೊಲದ ಮನೆಗೆ ಒಂದು ಕಿಲೋ ಬೆಲ್ಲ ತನ್ನಿ. ಸೀತನಿಗೆ ಬೆಲ್ಲ, ಹುರಿದ ಶೇಂಗಾ ಸೇರಿದರೆ ರುಚಿ, ಮತ್ತು ಕಬ್ಬು ಬೆಳೆಯದ ಎರೆಯ ಊರಿನಲ್ಲಿ ಬೆಲ್ಲವನ್ನು ಅಂಗಡಿಯಿಂದಲೇ ತರಬೇಕು.